ಬಲೆಯಲ್ಲಿ ಮುಳುಗಿದ ಆಮೆ

ದೊಡ್ಡಮ್ಮಾ, ಪ್ರೇಕ್ಷಾ ಬರೆಯುತ್ತಿದ್ದೇನೆ. ನಮ್ಮ ಹೇಮಾವತಿ ಕಾವೇರಿಯಾಗಿ ಬಂದು ಸೇರುವ ಕಡಲಿನ ದಡದಲ್ಲಿ, ಸತ್ತ ಕಡಲಾಮೆಗಳನ್ನು ಪರೀಕ್ಷಿಸುವ ಕೆಲಸದ ಮೇಲಿದ್ದೇನೆ.

ಬೆಳಿಗ್ಗೆ ಇಪ್ಪತ್ತಾರು ಕಡಲಾಮೆಗಳು ಸತ್ತು ದಡಕ್ಕೆ ಬಂದು ಬಿದ್ದಿದ್ದವು. ಕಾರಣ ತಿಳಿಯಲು ಒಂದನ್ನು ಕೊಯ್ದೆ. ಗಾಯವಿಲ್ಲ, ರೋಗವಿಲ್ಲ; ಶ್ವಾಸಕೋಶದ ತುಂಬ ನೀರು. ಮೀನಿನ ಬಲೆಯಲ್ಲಿ ಸಿಕ್ಕಿ, ಉಸಿರಾಡಲು ಮೇಲೆ ಬರಲಾಗದೆ ಸತ್ತಿತ್ತು. ಹೊಟ್ಟೆಯಲ್ಲಿ ತೊಂಬತ್ತು ಮೊಟ್ಟೆಗಳಿದ್ದವು.

ನಮ್ಮ ಜೀಪಿನ ಡ್ರೈವರ್ ಪುಟ್ಟರಾಜಣ್ಣ ಅರಕಲಗೂಡಿನವರು. "ತಾಯಿ ಓಯ್ತು ಕಣವ್ವ, ಮರಿಗಳಾದ್ರೂ ಉಳೀಲಿ, ಮರಳಲ್ಲಿ ಊತಿಡಾನ" ಎಂದು ತಾವೇ ಗುಂಡಿ ತೋಡಿದರು. ಮರಿಯಾಗುವುದು ಅನುಮಾನ; ಆದರೂ ನಾನು ಮೊಟ್ಟೆಗಳನ್ನು ಒಂದೊಂದಾಗಿ ಅವರ ಕೈಗೆ ಕೊಟ್ಟೆ.

ಹೀಗೆ ಕೊಯ್ದು ನೋಡಿ ನಾವು ವರದಿ ಕೊಟ್ಟ ಮೇಲೆ ಪಕ್ಕದ ತೀರದಲ್ಲಿ ಮೊಟ್ಟೆಯಿಡುವ ತಿಂಗಳುಗಳಲ್ಲಿ ಬಲೆ ಬೀಸುವುದನ್ನು ಸರ್ಕಾರದವರು ನಿಲ್ಲಿಸಿದರು. ಅಲ್ಲೀಗ ಸಾವು ಕಡಿಮೆ. ಅದಕ್ಕೇ ಕೊಯ್ಯುತ್ತೇನೆ.

ನನಗೆ ಬಂದಿದ್ದ ಜ್ವರ ಬಿಟ್ಟಿದೆ, ಊಟ ಮಾತ್ರ ಇನ್ನೂ ಸೇರುತ್ತಿಲ್ಲ. ಪುಟ್ಟರಾಜಣ್ಣ ಕೂಗುತ್ತಿದ್ದಾರೆ, ದಡದಲ್ಲಿ ಇನ್ನೂ ಒಂಬತ್ತು ಆಮೆಗಳು ಸತ್ತು ಬಿದ್ದಿವೆಯಂತೆ; ಹೊರಟೆ.