ನೆರಳಗುಡ್ಡದ ಕೆಮ್ಮು

ಮನೆ, ಮಹಡಿಯ ಕೋಣೆ
ಸೆಪ್ಟೆಂಬರ್ 3, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವ ಈಗಲಾದರೂ ನಿನ್ನನ್ನು ಕೂರಿಸಿ ತಾವೇ ಮೆಟ್ಟಿಲು ಹತ್ತಿಳಿಯುತ್ತಾರೋ, ಇಲ್ಲ ಪೇಪರಿನ ಹಿಂದೆ ಅಡಗಿ ಕೂರುತ್ತಾರೋ? ಇಲ್ಲಿ ಅಪ್ಪ, ನಾನು ಇಬ್ಬರೂ ಕ್ಷೇಮ.

ಊರು ನೀನು ಬಿಟ್ಟುಹೋದ ಹಾಗೇ ಇದೆ. ಸುತ್ತ ಗುಡ್ಡ, ಗುಡ್ಡದ ತುಂಬ ವೈನಿಗೆಂದೇ ಬೆಳೆಸಿದ ದ್ರಾಕ್ಷಿ, ನಡುವೆ ಬೋಗುಣಿಯ ತಳದಲ್ಲಿ ನಾವು. ಯಾವ ಬೀದಿ ಹಿಡಿದರೂ ಹತ್ತು ನಿಮಿಷಕ್ಕೆ ಏರು, ಆಮೇಲೆ ಯಾರದೋ ತೋಟದ ಗೇಟು. ಹೊಳೆಯೊಂದೇ ಜಾಣೆ, ಕಣಿವೆಯಲ್ಲಿ ಸಂದು ಹುಡುಕಿ ಹೊರಗೆ ಹೋಗಿಬಿಡುತ್ತದೆ. ನಿನ್ನನ್ನು ಕರೆದೊಯ್ದ ರೈಲೂ ಅದರ ಪಕ್ಕದಲ್ಲೇ ಹೋಗುತ್ತದೆ. ಬಟ್ಟೆ ಒಣಹಾಕುವಾಗ ದಿನಾ ಅದರ ಕೂಗು ಕೇಳುತ್ತೇನೆ. ಬಿಸಿಲಗುಡ್ಡದ ಕೊಯ್ಲು ಮುಗಿಯಿತು. ನೆರಳಗುಡ್ಡದ ಹಣ್ಣು ಮಾತ್ರ ಇನ್ನೂ ಹಲ್ಲು ಚುಳ್ಳೆನ್ನುವಷ್ಟು ಹುಳಿ, ವಾರವಾದರೂ ಬೇಕು.

ಅಪ್ಪ ಹಣ್ಣು ಬಾಯಿಗೆ ಹಾಕಿ "ಕೊಯ್ಯಿರಿ" ಎಂದ ಮೇಲೆಯೇ ಇಲ್ಲಿ ಕತ್ತರಿ ಆಡುವುದು ನಿನಗೆ ಗೊತ್ತು. ಗೊತ್ತಿಲ್ಲದ್ದನ್ನು ಹೇಳುತ್ತೇನೆ, ಬೈಯಬೇಡ. ಎರಡು ವರ್ಷದ ಹಿಂದಿನ ಜ್ವರದಲ್ಲಿ ಅಪ್ಪನ ನಾಲಿಗೆಯ ರುಚಿ ಪೂರ್ತಿ ಹೋಯಿತು. "ಯಾರಿಗೂ ಹೇಳ್ಬೇಡ ಪುಟ್ಟಿ, ಈ ನಾಲಿಗೆ ಬಿಟ್ರೆ ನನ್ನ ಹತ್ರ ಇನ್ನೇನಿದೆ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅಂದಿನಿಂದ ಸಾಲುಗಳ ನಡುವೆ ನಾನೇ ಮೊದಲು ಹಣ್ಣು ತಿನ್ನುತ್ತೇನೆ. ಹುಳಿಯಿದ್ದರೆ ಕೆಮ್ಮುತ್ತೇನೆ, ಮಾಗಿದ್ದರೆ ಸುಮ್ಮನಿರುತ್ತೇನೆ. ಅಪ್ಪ ತಾವೂ ಒಂದನ್ನು ಅಗಿದು, ಆಕಾಶ ನೋಡಿ, ಗಂಭೀರವಾಗಿ ತೀರ್ಪು ಕೊಡುತ್ತಾರೆ. ಊರಿಗೆಲ್ಲ ಅವರ ಮೇಲೆ ಭಕ್ತಿ, ನನ್ನ ಮೇಲೆ ಕನಿಕರ. ನೆರಳಗುಡ್ಡದ ಯಜಮಾನಿಯಂತೂ ನನ್ನ ಎದೆ ಕೆಟ್ಟಿದೆಯೆಂದು ಒಂದು ಸೀಸೆ ಔಷಧಿ ಕಳಿಸಿದ್ದಾಳೆ!

ನಿನಗೆ ನಗು ಬರುತ್ತದೆ, ಗೊತ್ತು. ನನಗೆ ಈಗೀಗ ಬರುವುದಿಲ್ಲ. ನಿಮ್ಮೂರಿನ ನಕ್ಷೆ ಕಚೇರಿಯಿಂದ ನನಗೆ ಕೆಲಸದ ಆರ್ಡರು ಬಂದಿದೆ, ಹದಿನೈದರೊಳಗೆ ಹಾಜರಾಗಬೇಕು. ಅಪ್ಪನಿಗೆ ತೋರಿಸಿದೆ. "ಹೋಗಮ್ಮ, ನನ್ನದೇನು" ಎಂದವರು ಎರಡು ದಿನ ಸರಿಯಾಗಿ ಊಟವನ್ನೇ ಮಾಡಲಿಲ್ಲ. ಹೋದರೆ ಅವರ ಮಾನ ಬೀದಿಪಾಲು, ಇದ್ದರೆ ನಾನು ಈ ಬೋಗುಣಿಯಲ್ಲೇ ಕೆಮ್ಮಿ ಕೆಮ್ಮಿ ಮುದುಕಿ. ಉಸಿರು ಕಟ್ಟುತ್ತದೆ ಅಕ್ಕಾ. ಬರಲಾಗುವುದಿಲ್ಲವೆಂದು ಕಚೇರಿಗೂ ಒಂದು ಕಾಗದ ಬರೆದಿದ್ದೇನೆ. ಅದನ್ನೂ ಇದರ ಜೊತೆಗೇ ಅಂಚೆಗೆ ಹಾಕುತ್ತೇನೆ.

ಭಾವನಿಗೆ ನಮಸ್ಕಾರ, ಮಕ್ಕಳಿಬ್ಬರಿಗೂ ಮುತ್ತು. ನಿನ್ನ ಕಾಲು ಬೇಗ ನೆಟ್ಟಗಾಗಲಿ.

ನಿನ್ನ
ಪುಟ್ಟಿ

ತಾ.ಕ.: ಲಕೋಟೆಗೆ ಗೋಂದು ಹುಡುಕುತ್ತ ಕೆಳಗಿಳಿದೆ. ಅಪ್ಪನಿಗೆ ನಿಜವಾಗಿಯೂ ಕೆಮ್ಮು ಹತ್ತಿದೆ. ಯಜಮಾನಿಯ ಔಷಧಿಯನ್ನೇ ಒಂದು ಚಮಚ ಕುಡಿದು, "ಥೂ, ಎಂಥಾ ಕಹಿ!" ಎಂದರು. ಬಾಗಿಲಲ್ಲಿ ನನ್ನನ್ನು ಕಂಡದ್ದೇ ಮುಖ ಸರಿಮಾಡಿಕೊಂಡು ಮುಚ್ಚಳ ಬಿಗಿದರು. ನಾಲಿಗೆಗೆ ರುಚಿ ಯಾವಾಗ ಮರಳಿತೋ, ಎಷ್ಟು ದಿನದಿಂದ ಮುಚ್ಚಿಟ್ಟಿದ್ದಾರೋ! ಕಚೇರಿಯ ಕಾಗದ ಸದ್ಯಕ್ಕೆ ಮೇಜಿನ ಮೇಲೇ ಇರಲಿ. ನಾಳೆ ಬೆಳಗ್ಗೆ ನಾವು ನೆರಳಗುಡ್ಡಕ್ಕೆ ಹೋಗಬೇಕು, ಯಜಮಾನಿ ತೀರ್ಪಿಗೆ ಕಾದು ನಿಂತಿರುತ್ತಾಳೆ. ಹಣ್ಣು ಹುಳಿಯೇ ಇರುತ್ತದೆ. ನಾನು ಕೆಮ್ಮುವುದಿಲ್ಲ.