ಪಂಫಾಳಿಗೆ ಕೊಟ್ಟ ಫೋಟೊ

ಮಂಗಳವಾರ, ಜನವರಿ 14. ಅಬುಧಾಬಿ.

ಪಂಫಾಳ ಮುಖ ಕಣ್ಣಿಂದ ಹೋಗುತ್ತಿಲ್ಲ. ನೇಪಾಳದ ಅಣೆಕಟ್ಟಿಗೆ ಇಲ್ಲಿನ ಹೂಡಿಕೆದಾರರನ್ನು ಕರೆಯುವ ಸ್ಲೈಡುಗಳನ್ನು ನಾನು ಸಿದ್ಧಪಡಿಸುತ್ತಿದ್ದೆ. ಆಫೀಸಿನಲ್ಲಿ ಚಹಾ ಕೊಡುವ ಪಂಫಾ ಅದರಲ್ಲಿದ್ದ ಕಣಿವೆಯ ಫೋಟೊ ನೋಡಿ ನಿಂತುಬಿಟ್ಟಳು.

"ಡೆಲ್ಫಿನ್ ಮೇಡಂ, ಯೇ ಮೇರಾ ಗಾಂವ್."

ಅದು ತನ್ನ ಊರೆಂದು, ತನ್ನ ತಗಡಿನ ಮನೆಯನ್ನು ಬೆರಳಿಟ್ಟು ತೋರಿಸಿದಳು. ಅಣೆಕಟ್ಟಿನ ನೀರು ಎಲ್ಲಿಯವರೆಗೆ ನಿಲ್ಲುತ್ತದೆಂದು ತೋರಿಸಲು ನಾನೇ ಎಳೆದ ನೀಲಿ ಗೆರೆಯೊಳಗೆ ಆ ಮನೆಯಿತ್ತು.

"ಮುಳುಗುವುದು ಊರಿನವರಿಗೆ ಗೊತ್ತುಂಟಾ ಸರ್?" ಎಂದು ಮ್ಯಾನೇಜರ್ ನಿಝಾಮ್ ಅವರನ್ನು ಕೇಳಿದೆ.

"ಅದು ಅವರ ಸರ್ಕಾರದ ಕೆಲಸ ಮಾರಾಯ್ರೆ. ಬೆಳಿಗ್ಗೆ ಮೀಟಿಂಗ್ ಉಂಟು. ಯಲ್ಲಾ, ಬೇಗ ಮುಗಿಸಿ."

ಮುಗಿಸಿದೆ.

ಸಂಜೆ ಪಂಫಾ ತನ್ನ ರೂಮಿನ ಗೋಡೆಗೆ ಅಂಟಿಸಲು ಆ ಫೋಟೊದ ಪ್ರಿಂಟ್ ಕೇಳಿದಳು. ಊರು ಮುಳುಗುವುದನ್ನು ಹೇಳಬೇಕೆಂದಿದ್ದೆ. ಗೆರೆ ಅಳಿಸಿ, ಒಳ್ಳೆಯ ಕಾಗದದಲ್ಲಿ ಪ್ರಿಂಟ್ ತೆಗೆದುಕೊಟ್ಟೆ. ಎರಡೂ ಕೈಯೊಡ್ಡಿ ತೆಗೆದುಕೊಂಡಳು. ನಾಳೆಯಾದರೂ ಹೇಳಬೇಕು. ಯಾವ ಮುಖ ಇಟ್ಟುಕೊಂಡು ಹೇಳಲಿ?