ಮಾಮಕ್ ಅಂಗಡಿಯ ಕೊನೆಯ ದೃಶ್ಯ

ಆಲನ್,

ಇದನ್ನು ನಿನಗೆ ಕಳಿಸುವುದಿಲ್ಲ. ಕಳಿಸಿದರೆ ಇದನ್ನೂ ಕದ್ದು ಧಾರಾವಾಹಿ ಮಾಡುತ್ತೀಯ.

ನೀನು ಬರೆದ ಶಾಲಾ ಫುಟ್‌ಬಾಲ್ ಧಾರಾವಾಹಿಯ ಕೊನೆಯ ಕಂತನ್ನು ನಿನ್ನೆ ನೋಡಿದೆ. ಪಂದ್ಯ ಗೆದ್ದ ಮೇಲೆ ಬಾಂಗ್ಸಾರ್ ಬಡಾವಣೆಯ ಶ್ರೀಮಂತ ಕ್ಯಾಪ್ಟನ್ ತನ್ನ ಡ್ರೈವರನ ಮಗನನ್ನು ರಸ್ತೆಬದಿಯ ಮಾಮಕ್ ತಿಂಡಿ ಅಂಗಡಿಯಲ್ಲಿ ಪಕ್ಕ ಕೂರಿಸಿಕೊಂಡು ರೊಟ್ಟಿ ತಿನ್ನಿಸುತ್ತಾನೆ. ಎಂಥ ನಾಚಿಕೆಗೆಟ್ಟವನೋ ನೀನು! ನಿಮ್ಮ ಕಾರು ಓಡಿಸುತ್ತಿದ್ದವರು ನನ್ನ ಪಪ್ಪ. ನಮ್ಮ ಶಾಲೆಯ ಆ ಪಂದ್ಯದಲ್ಲಿ ಕ್ಯಾಪ್ಟನ್ ನೀನು, ಗೋಲು ಹೊಡೆದವನು ನಾನು. ಇಡೀ ತಂಡ ಮೇಜಿನ ಸುತ್ತ ಕೂತಾಗ ನೀನು ಅಂಗಡಿಯವನಿಗೆ ಕೂಗಿ ಹೇಳಿದೆ: "ಇವನದ್ದು ತಪಾವ್, ಪಾರ್ಸೆಲ್ ಕಟ್ಟಿಕೊಡು. ಕಾರಲ್ಲಿ ಅವನಪ್ಪನ ಜೊತೆ ತಿಂತಾನೆ."

ಧಾರಾವಾಹಿ ಮುಗಿದಾಗ ಮಗಳು ಕ್ರಿಸ್ಟಿ ಕಣ್ಣೊರೆಸಿಕೊಂಡಳು.

"ಪಪ್ಪಾ, ಕ್ಯಾಪ್ಟನ್ ಸೋ ನೈಸ್ ಲಾ!" ಎಂದವಳು, ನಾವೂ ಮಾಮಕ್‌ಗೆ ಹೋಗಿ ಕೂತು ತಿನ್ನೋಣ ಎಂದು ಹಟ ಹಿಡಿದಳು.

"ನೀನು ಮನೆಯಲ್ಲೇ ಇರು. ತಪಾವ್ ತರ್ತೇನೆ," ಎಂದೆ.